ಅಪ್‌ಡೇಟ್: ಬಿಸಿಲಿಗೆ ಮಾಸುತ್ತಿದ್ದ ವಿನೈಲ್ ನೆಲ

ಚಿಕ್ಕಮಗಳೂರಿನ ನಮ್ಮ ಮನೆಯ ಪಶ್ಚಿಮದ ಕಿಟಕಿಯ ಬಳಿ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್ ಹಾಸು) ನೆಲದ ಬಣ್ಣ ಮಾಸುತ್ತಿರುವ ಬಗ್ಗೆ ಹಿಂದೆ ಕೇಳಿದ್ದೆ. ಹಲವರು ಸೂಚಿಸಿದಂತೆ ಗಾಜಿಗೆ ನೇರಳಾತೀತ ಕಿರಣ ತಡೆಯುವ ಫಿಲ್ಮ್ ಅಂಟಿಸಿದ್ದೇವೆ; ಒಳ್ಳೆಯ ಫಿಲ್ಮ್ ಆ ಕಿರಣಗಳನ್ನು ಶೇ. 99ರವರೆಗೆ ತಡೆಯುತ್ತದಾದರೂ, ಬೆಳಕು ಮತ್ತು ಶಾಖದಿಂದಲೂ ಬಣ್ಣ ಮಾಸುವುದರಿಂದ ಮಧ್ಯಾಹ್ನ 2 ಗಂಟೆಯ ನಂತರ ದಪ್ಪ ಪರದೆಯನ್ನೂ ಎಳೆಯುತ್ತೇವೆ. ಈಗಾಗಲೇ ಮಾಸಿದ್ದು ಮರಳಿ ಬರುವುದಿಲ್ಲ. ಸೋಫಾ ಸರಿಸಿದರೆ ಅದರ ಕಾಲುಗಳಡಿ ಗಾಢ ಕಂದು ಬಣ್ಣದ ನಾಲ್ಕು ಚೌಕಗಳು ಹಾಗೆಯೇ ಕಾಣುತ್ತವೆ. ನೆಲಕ್ಕೆ ಮ್ಯಾಟ್ ಹಾಸಿರೆಂಬ ಸಲಹೆಯನ್ನು ಮಾತ್ರ ಎಚ್ಚರದಿಂದ ಪಾಲಿಸಬೇಕು, ಏಕೆಂದರೆ ರಬ್ಬರ್ ತಳದ ಮ್ಯಾಟ್ ವಿನೈಲ್ ಮೇಲೆ ಎಷ್ಟು ಉಜ್ಜಿದರೂ ಹೋಗದ ಹಳದಿ ಕಲೆ ಬಿಡಬಹುದು. ನಾವು ಹತ್ತಿಯ ಜಮಖಾನ ಹಾಸಿದ್ದೇವೆ. ಮಳೆಗಾಲದಲ್ಲಿ ಇಲ್ಲಿ ಬಿಸಿಲೇ ಅಪರೂಪವಾದ್ದರಿಂದ, ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಕಟ್ಟಿಸುವ ಕೆಲಸವನ್ನು ಬೇಸಿಗೆಗೆ ಮುಂದೂಡಿದ್ದೇವೆ.