ಅಪ್‌ಡೇಟ್: ಅಡಿಕೆ ಕೊಯ್ಲಿನಲ್ಲಿ ಹಿಡಿದ ಸೊಂಟ, ಎಂಆರ್‌ಐ ಬೇಕೇ?

ತೀರ್ಥಹಳ್ಳಿ ಕಡೆ ತೋಟದಲ್ಲಿ ಗೊನೆ ಹೊರುವಾಗ ಅಪ್ಪಯ್ಯನಿಗೆ ಸೊಂಟ ಹಿಡಿದಿದೆ, ಸ್ಕ್ಯಾನ್ ಮಾಡಿಸಬೇಕಾ ಅಂತ ಕೇಳಿದ್ದೆ. ಉತ್ತರ: ಈಗ ಬೇಡ. ಅರವತ್ತು ದಾಟಿದವರ ಎಂಆರ್‌ಐಯಲ್ಲಿ, ನೋವಿಲ್ಲದಿದ್ದರೂ, ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆತ ಕಾಣುವುದು ಸಾಮಾನ್ಯ. ರಿಪೋರ್ಟ್ ನೋಡಿ ಹೆದರುವುದಷ್ಟೇ ಲಾಭ.

ಮೊದಲ ಚಿಕಿತ್ಸೆ ಶಾಖ. ಬಿಸಿನೀರಿನ ಚೀಲವನ್ನು ಟವೆಲ್‌ನಲ್ಲಿ ಸುತ್ತಿ 15–20 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ಸಕ್ಕರೆ ಕಾಯಿಲೆಯಿಂದ ಚರ್ಮ ಮರಗಟ್ಟಿದ್ದರೆ ಬಿಸಿ ಗೊತ್ತಾಗದೆ ಬೊಬ್ಬೆ ಏಳುತ್ತದೆ, ಎಚ್ಚರ. ಹಾಸಿಗೆ ಹಿಡಿದು ಮಲಗಿದರೆ ಬಿಗಿತ ಹೆಚ್ಚುತ್ತದೆ. ಅಂಗಳದಲ್ಲಿ ಆಗಾಗ ಓಡಾಡಲಿ. ಮೆಟ್ಟುಕತ್ತಿ ಮುಂದೆ ಗಂಟೆಗಟ್ಟಲೆ ಬಗ್ಗಿ ಕೂತು ಅಡಿಕೆ ಸುಲಿಯುವುದನ್ನು ಮಾತ್ರ ಸದ್ಯ ಬಿಡಲಿ.

ಪ್ಯಾರಾಸಿಟಮಾಲ್ ಇದಕ್ಕೆ ಉಪಯೋಗವಿಲ್ಲ: 2014ರ ದೊಡ್ಡ ಪ್ರಯೋಗದಲ್ಲಿ ಡಮ್ಮಿ ಮಾತ್ರೆಗಿಂತ ಬೇಗ ವಾಸಿ ಮಾಡಲಿಲ್ಲ. ಐಬುಪ್ರೊಫೆನ್ ಊಟದ ನಂತರ, ಕಡಿಮೆ ಡೋಸ್, ಕೆಲವೇ ದಿನ. ಕಿಡ್ನಿ, ಹೃದಯ, ಹೊಟ್ಟೆಹುಣ್ಣಿನ ತೊಂದರೆ ಇದ್ದರೆ, ಬಿಪಿ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಬೇಡ. ಮೆಡಿಕಲ್‌ನವರು ಕೊಡುವ ಸ್ಟಿರಾಯ್ಡ್ ಮಾತ್ರೆ ಬೇಡವೇ ಬೇಡ.

ಮೂತ್ರ ಕಟ್ಟಿದರೆ, ತೊಡೆ ಸಂದು ಮರಗಟ್ಟಿದರೆ, ಕಾಲಿನ ಶಕ್ತಿ ಕುಂದಿದರೆ ಅಂದೇ ಶಿವಮೊಗ್ಗಕ್ಕೆ ಹೊರಡಿ. ಜ್ವರ, ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್ ಇದ್ದವರೂ ಕಾಯಬಾರದು. ಉಳಿದವರಿಗೆ ಬಹುಪಾಲು ಕೆಲವೇ ವಾರಗಳಲ್ಲಿ ಇಳಿಯುತ್ತದೆ.