ಒಂದೇ ಅಳತೆ, ಒಂದೇ ಸ್ಟೇಷನ್, ಬೆಲೆ ಮಾತ್ರ ಬೇರೆ: ಮುಂಬೈ ಕಡೆಯ ಗುಂಪೊಂದರಲ್ಲಿ ವ್ಯಾಲ್ಯುಯರ್ (ಆಸ್ತಿಗೆ ಬೆಲೆ ಕಟ್ಟುವವರು) ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮುಲುಂಡ್ ಪೂರ್ವ): ಸರ್, ಎರಡು ಫ್ಲ್ಯಾಟ್ ನೋಡಿಟ್ಟಿದ್ದೇವೆ. ಎರಡೂ 1980ರ ದಶಕದ ಕಟ್ಟಡ, ನೆಲ ಮತ್ತು ಮೂರು ಮಾಳಿಗೆ, ಕಾರ್ಪೆಟ್ (ಗೋಡೆಯೊಳಗಿನ ಅಳತೆ) 540 ಚದರಡಿ, ಸ್ಟೇಷನ್‌ಗೆ ಹತ್ತು ನಿಮಿಷದ ನಡಿಗೆ. ಒಂದಕ್ಕೆ 20 ಲಕ್ಷದ ಇಂಟೀರಿಯರ್ ಮಾಡಿಸಿದ್ದಾರೆ. ಇನ್ನೊಂದರ ಗೋಡೆ ನೀರು ಕುಡಿದು ಪ್ಲಾಸ್ಟರ್ ಉದುರುತ್ತಿದೆ. ಆ ಹಾಳುಬಿದ್ದದ್ದಕ್ಕೇ ಜಾಸ್ತಿ ರೇಟು ಹೇಳುತ್ತಾರೆ! ಬ್ರೋಕರ್ ನಮ್ಮನ್ನು ಮಂಗ ಮಾಡುತ್ತಿದ್ದಾನಾ?

ಉತ್ತರ (ವ್ಯಾಲ್ಯುಯರ್): ಮಾಡುತ್ತಿರಲಿಕ್ಕಿಲ್ಲ. ನಾಲ್ಕು ವಿಷಯ ವಿಚಾರಿಸಿಕೊಂಡು ಬನ್ನಿ: ಕಟ್ಟಡದ ಮುಂದಿನ ರಸ್ತೆ ಎಷ್ಟು ಮೀಟರ್ ಅಗಲ, ಪ್ಲಾಟ್ ಎಷ್ಟು ದೊಡ್ಡದು, ಅದರಲ್ಲಿ ಫ್ಲ್ಯಾಟ್ ಎಷ್ಟು, ಸೊಸೈಟಿಗೆ ಕನ್ವೇಯನ್ಸ್ (ನೆಲದ ಹಕ್ಕಿನ ವರ್ಗಾವಣೆ) ಆಗಿದೆಯೇ.

ಅದೇ ಸದಸ್ಯರು: ಕೇಳಿ ಬಂದೆ ಸರ್. ಎರಡೂ ಪ್ಲಾಟ್ ಹತ್ತಿರಹತ್ತಿರ 1000 ಚದರ ಮೀಟರ್, 16-16 ಫ್ಲ್ಯಾಟ್. ಚೆಂದ ಮಾಡಿಸಿದ್ದು 6 ಮೀಟರ್ ಗಲ್ಲಿಯಲ್ಲಿದೆ, ಕನ್ವೇಯನ್ಸ್ ಆಗಿದೆ. ಹಳೇ ಗೋಡೆಯದ್ದು 13 ಮೀಟರ್ ರಸ್ತೆಗೆ ಮುಖ ಮಾಡಿದೆ, ಕನ್ವೇಯನ್ಸ್ ಆಗಿಲ್ಲವಂತೆ.

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಕಟ್ಟಡ ವರ್ಷ ವರ್ಷ ಸವೆಯುತ್ತದೆ, ಉಳಿಯುವುದು ಕೆಳಗಿನ ನೆಲ. ಆ ನೆಲದ ಬೆಲೆ ಅಲ್ಲಿ ನಾಳೆ ಎಷ್ಟು ಕಟ್ಟಬಹುದು ಎಂಬುದರ ಮೇಲೆ ನಿಂತಿದೆ. ಮುಂಬೈಯ ಕಟ್ಟಡ ನಿಯಮಾವಳಿ ಡಿಸಿಪಿಆರ್ 2034ರ ಪ್ರಕಾರ ಉಪನಗರಗಳಲ್ಲಿ ಮೂಲ ಎಫ್‌ಎಸ್‌ಐ (ಪ್ಲಾಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) 1. ಅದರ ಮೇಲೆ ಪ್ರೀಮಿಯಂ ಎಫ್‌ಎಸ್‌ಐ (ಶುಲ್ಕ ಕಟ್ಟಿ ಪಡೆಯುವುದು), ಟಿಡಿಆರ್ (ಬೇರೆ ಜಾಗದಿಂದ ಕೊಂಡು ತರುವ ಕಟ್ಟುವ ಹಕ್ಕು) ಎಷ್ಟು ಏರಿಸಬಹುದೆಂಬುದನ್ನು ರಸ್ತೆಯ ಅಗಲ ತೀರ್ಮಾನಿಸುತ್ತದೆ. 9 ಮೀಟರ್‌ಗಿಂತ ಕಡಿಮೆ ಇದ್ದರೆ 1ಕ್ಕೇ ನಿಂತಿತು. 12.20ರಿಂದ 18.30 ಮೀಟರ್ ಒಳಗಿದ್ದರೆ 2.2 ತನಕ. ಇದರ ಮೇಲೆ ಶೇ. 35 ಫಂಜಿಬಲ್, ಅಂದರೆ ಪ್ರೀಮಿಯಂ ಕಟ್ಟಿ ಪಡೆಯುವ ಇನ್ನಷ್ಟು ನಿರ್ಮಾಣ.

ರಿಡೆವಲಪ್‌ಮೆಂಟ್ ಎಂದರೆ ಬಿಲ್ಡರ್ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿ, ಸದಸ್ಯರಿಗೆ ಫ್ಲ್ಯಾಟ್ ಕೊಟ್ಟು ಉಳಿದದ್ದನ್ನು ಮಾರುವುದು. ದೊಡ್ಡ ರಸ್ತೆಯ ಪ್ಲಾಟಿನಲ್ಲಿ ಅದರ ಲೆಕ್ಕ ಹಾಕೋಣ. 1000 × 2.2 = 2200, ಫಂಜಿಬಲ್ ಸೇರಿಸಿದರೆ 2970 ಚದರ ಮೀಟರ್. ಈಗಿನ 16 ಸದಸ್ಯರು ಬಳಸುತ್ತಿರುವುದು ಸುಮಾರು 1000. ಅವರ ಪಾಲಿನ ಫಂಜಿಬಲ್‌ಗೆ ಪ್ರೀಮಿಯಂ ಇಲ್ಲ, ಅದನ್ನೂ ಅವರಿಗೇ ಕೊಟ್ಟರೆ 1350. ಬಿಲ್ಡರ್ ಕೈಗೆ ಮಾರಲಿಕ್ಕೆ 1620 ಉಳಿಯಿತು. ಕಟ್ಟುವ ಖರ್ಚು, ಪಾಲಿಕೆಯ ಪ್ರೀಮಿಯಂ, ಟಿಡಿಆರ್ ಖರೀದಿ, ಸದಸ್ಯರಿಗೆ ಮೂರ್ನಾಲ್ಕು ವರ್ಷದ ಬಾಡಿಗೆ, ಕಾರ್ಪಸ್ (ಸದಸ್ಯರಿಗೆ ಕೊಡುವ ಇಡಿಗಂಟು) ಎಲ್ಲ ಅದರಿಂದಲೇ ಹುಟ್ಟಬೇಕು. ಹುಟ್ಟುತ್ತದೆ.

ಗಲ್ಲಿಯದ್ದಕ್ಕೆ ಬನ್ನಿ. 1000ಕ್ಕೆ ಫಂಜಿಬಲ್ ಸೇರಿ 1350. ಅಷ್ಟೂ ಸದಸ್ಯರಿಗೇ ಹೋಯಿತು. 30 ವರ್ಷ ದಾಟಿದ ಸೊಸೈಟಿಗೆ ಅದೇ ನಿಯಮಾವಳಿಯ 33(7)(ಬಿ) ಅಡಿ ಫ್ಲ್ಯಾಟಿಗೆ 10 ಚದರ ಮೀಟರ್ ಅಥವಾ ಈಗಿನ ಬಿಲ್ಟ್‌ಅಪ್‌ನ (ಗೋಡೆ ಸೇರಿದ ಅಳತೆ) ಶೇ. 15, ಯಾವುದು ಹೆಚ್ಚೋ ಅದು ಹೆಚ್ಚುವರಿಯಾಗಿ ಸಿಗಬಹುದು. ಇಲ್ಲಿ ಅದು 160. ಅದನ್ನು ನಂಬಿ ಯಾವ ಬಿಲ್ಡರೂ ಮುಂದೆ ಬರುವುದಿಲ್ಲ. 20 ಲಕ್ಷದ ಇಂಟೀರಿಯರ್ ನಿಮಗೆ ಸುಖ ಕೊಡಬಹುದು. ಬ್ಯಾಂಕಿನ ವ್ಯಾಲ್ಯುಯೇಶನ್‌ನಲ್ಲಿ ಅದಕ್ಕೆ ಹೆಚ್ಚುಕಡಿಮೆ ಸೊನ್ನೆ, ಕಟ್ಟಡ ಬಿದ್ದ ದಿನ ಪೂರ್ತಿ ಸೊನ್ನೆ.

ಆದರೂ ಪಾಲಿಕೆಯಿಂದ ಸಿಟಿಎಸ್ ನಂಬರ್ (ಸಿಟಿ ಸರ್ವೆಯಲ್ಲಿ ಪ್ಲಾಟಿನ ಸಂಖ್ಯೆ) ಕೊಟ್ಟು ಡಿಪಿ ರಿಮಾರ್ಕ್ (ನಗರ ಯೋಜನೆಯಲ್ಲಿ ಆ ಪ್ಲಾಟಿಗೆ ಏನಿದೆ ಎಂಬ ಪತ್ರ) ತೆಗೆಸದೆ ಯಾವುದಕ್ಕೂ ಟೋಕನ್ ಕೊಡಬೇಡಿ. ಗಲ್ಲಿಯನ್ನು ಅಗಲ ಮಾಡುವ ಗೆರೆ ಅದರಲ್ಲಿದ್ದರೆ ಲೆಕ್ಕ ತಿರುಗುತ್ತದೆ. ದೊಡ್ಡ ರಸ್ತೆಯ ಪ್ಲಾಟಿಗೆ ಶಾಲೆಯದ್ದೋ ಉದ್ಯಾನದ್ದೋ ರಿಸರ್ವೇಶನ್ ಬಿದ್ದಿದ್ದರೂ ತಿರುಗುತ್ತದೆ.

ಪ್ರಶ್ನೆ (ವಿಲೆ ಪಾರ್ಲೆ): ನಮ್ಮದು 18 ಮೀಟರ್ ರಸ್ತೆ ಅಣ್ಣ, ಆದರೂ ಬಿಲ್ಡರ್‌ಗಳು ಬಂದು ನೋಡಿ ಹೋಗುತ್ತಾರೆ, ಆಫರ್ ಕೊಡುವುದಿಲ್ಲ.

ಉತ್ತರ: ವಿಮಾನ ನಿಲ್ದಾಣದ ಫನೆಲ್, ಅಂದರೆ ವಿಮಾನ ಏರಿಳಿಯುವ ದಾರಿಯ ಕೆಳಗಿನ ಪ್ರದೇಶ. ಎಫ್‌ಎಸ್‌ಐ ಕಾಗದದಲ್ಲಿದೆ, ಆದರೆ ಎತ್ತರಕ್ಕೆ ಏರ್‌ಪೋರ್ಟ್ಸ್ ಅಥಾರಿಟಿಯ ಮಿತಿ ಇರುವುದರಿಂದ ಅದನ್ನು ಪೇರಿಸಲು ಜಾಗವಿಲ್ಲ. ಸಾಂತಾಕ್ರೂಜ್, ಕುರ್ಲಾದ ಕೆಲವು ಭಾಗಗಳಲ್ಲೂ ಇದೇ ಗೋಳು.

ಪ್ರಶ್ನೆ (ಮುಲುಂಡ್, ಮೊದಲಿನವರು): ಹಾಗಾದರೆ ದೊಡ್ಡ ರಸ್ತೆಯದ್ದೇ ತೆಗೆದುಕೊಳ್ಳಲಾ? ಕನ್ವೇಯನ್ಸ್ ಇಲ್ಲದಿದ್ದರೆ ಏನಾಗುತ್ತದೆ?

ಉತ್ತರ (ಗುಂಪಿನ ವಕೀಲರು): ಇದಕ್ಕೆ ನಾನು ಹೇಳುತ್ತೇನೆ. ಕನ್ವೇಯನ್ಸ್ ಇಲ್ಲ ಎಂದರೆ ಫ್ಲ್ಯಾಟ್ ನಿಮ್ಮದು, ನೆಲ ಇನ್ನೂ ಹಳೇ ಮಾಲೀಕ ಅಥವಾ ಬಿಲ್ಡರ್ ಹೆಸರಲ್ಲಿ. ಮೇಲೆ ಹೇಳಿದ 1620 ಚದರ ಮೀಟರ್‌ಗೆ ಅವನೂ ಕೈ ಒಡ್ಡುತ್ತಾನೆ. ಮೋಫಾ (ಮಹಾರಾಷ್ಟ್ರದ ಫ್ಲ್ಯಾಟ್ ಮಾಲೀಕತ್ವ ಕಾಯ್ದೆ) 1963ರ ಪ್ರಕಾರ ಬಿಲ್ಡರ್ ತಾನಾಗಿ ಕನ್ವೇಯನ್ಸ್ ಮಾಡಿಕೊಡದಿದ್ದರೆ ಸೊಸೈಟಿ ಜಿಲ್ಲಾ ಉಪನಿಬಂಧಕರ ಬಳಿ ಡೀಮ್ಡ್ ಕನ್ವೇಯನ್ಸ್‌ಗೆ (ಬಿಲ್ಡರ್ ಒಪ್ಪದಿದ್ದರೂ ಆದೇಶದಿಂದ ಆಗುವ ಕನ್ವೇಯನ್ಸ್) ಅರ್ಜಿ ಹಾಕಬಹುದು. ಪ್ರಾಪರ್ಟಿ ಕಾರ್ಡ್ (ಸಿಟಿ ಸರ್ವೆಯ ನೆಲದ ದಾಖಲೆ), ಮಂಜೂರಾದ ಪ್ಲಾನ್, ಓಸಿ (ವಾಸಕ್ಕೆ ಪಾಲಿಕೆಯ ಅನುಮತಿ ಪತ್ರ), ಸದಸ್ಯರ ಅಗ್ರಿಮೆಂಟ್ ಮತ್ತು ಇಂಡೆಕ್ಸ್ 2 (ನೋಂದಣಿಯಾದ ವ್ಯವಹಾರದ ಸಾರಾಂಶ), ಆರ್ಕಿಟೆಕ್ಟ್ ಸರ್ಟಿಫಿಕೇಟ್ ಬೇಕು.

ಬಹಳ ಸೊಸೈಟಿಗಳು ಎಡವುವುದು ಆದೇಶ ಕೈಗೆ ಬಂದ ಮೇಲೆ. ಆದೇಶ ಬಂತೆಂದು ಪೇಢೆ ಹಂಚಿ ಸುಮ್ಮನಾಗುತ್ತಾರೆ. ಅಲ್ಲಿಂದ ಸ್ಟ್ಯಾಂಪ್ ಅಡ್ಜುಡಿಕೇಶನ್ (ಎಷ್ಟು ಡ್ಯೂಟಿ ಎಂಬ ನಿರ್ಧಾರ), ಸಬ್ ರಿಜಿಸ್ಟ್ರಾರ್ ಬಳಿ ನೋಂದಣಿ, ಕೊನೆಗೆ ಸಿಟಿ ಸರ್ವೆ ಕಚೇರಿಯಲ್ಲಿ ಪ್ರಾಪರ್ಟಿ ಕಾರ್ಡ್‌ಗೆ ಸೊಸೈಟಿಯ ಹೆಸರು ಏರಬೇಕು. ಹಾಗಾಗಿ ನಿಮ್ಮ ಗಲ್ಲಿಯ ಸೊಸೈಟಿಯವರು «ಆಗಿದೆ» ಎಂದರೆ ಕಾರ್ಡ್ ತೋರಿಸಿ ಎನ್ನಿ.

ಉತ್ತರ (ವ್ಯಾಲ್ಯುಯರ್): ವಕೀಲರು ಹೇಳಿದ್ದು ಸರಿ. ಕಾರ್ಡ್‌ನಲ್ಲಿ ಇನ್ನೆರಡು ನೋಡಿ. ಅಲ್ಲಿನ ಕ್ಷೇತ್ರಫಲಕ್ಕೂ ಕಾಂಪೌಂಡ್ ಒಳಗಿನ ಅಳತೆಗೂ ತಾಳೆಯಾಗಬೇಕು. ನೆಲ ಕಲೆಕ್ಟರ್ ಲೀಸ್‌ನದ್ದು ಎಂದಿದ್ದರೆ ಮಾರಾಟಕ್ಕೆ ಅನುಮತಿ ಬೇಕಾಗುತ್ತದೆ, ಅಷ್ಟರಮಟ್ಟಿಗೆ ಬೆಲೆ ಇಳಿಯಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ ದೊಡ್ಡ ರಸ್ತೆಯದ್ದನ್ನೇ ಹಿಡಿಯಿರಿ, ಆದರೆ ಅವರು ಹೇಳುವ ರೇಟಿಗೆ ಬೇಡ. ಅದರಲ್ಲಿ ರಿಡೆವಲಪ್‌ಮೆಂಟ್ ಆಸೆಯನ್ನೂ ಕೂಡಿಸಿದ್ದಾರೆ. ಕನ್ವೇಯನ್ಸ್ ಇಲ್ಲದೆ ಆ ಆಸೆಗೆ ಪೂರ್ತಿ ದುಡ್ಡು ಕೊಡುವುದು ಯಾಕೆ?

ಪ್ರಶ್ನೆ (ಡೊಂಬಿವಲಿ): ಸರಿಯಾದ ರೇಟು ತಿಳಿಯುವುದು ಹೇಗೆ? ರೆಡಿ ರೆಕನರ್ (ಸರಕಾರದ ದರಪಟ್ಟಿ) ನೋಡಿದರೆ ಸಾಕಾ?

ಉತ್ತರ: ಸಾಲದು ಮೇಡಂ. ರೆಕನರ್ ಸ್ಟ್ಯಾಂಪ್ ಡ್ಯೂಟಿಗಾಗಿ ಒಂದು ವಿಭಾಗಕ್ಕೆಲ್ಲ ಹಾಕಿದ ಸರಾಸರಿ. ಅದಕ್ಕೆ ನಿಮ್ಮ ಗಲ್ಲಿ ಗೊತ್ತಿಲ್ಲ. ನೋಂದಣಿ ಇಲಾಖೆಯ ಇ-ಸರ್ಚ್‌ನಲ್ಲಿ ಇಂಡೆಕ್ಸ್ 2 ಸಿಗುತ್ತದೆ. ಅದೇ ಕಟ್ಟಡ ಅಥವಾ ಅದೇ ಗಲ್ಲಿಯಲ್ಲಿ ಕಳೆದೊಂದು ವರ್ಷದ ಮೂರ್ನಾಲ್ಕು ವ್ಯವಹಾರ ತೆಗೆದು, ಬೆಲೆಯನ್ನು ಕಾರ್ಪೆಟ್‌ನಿಂದ ಭಾಗಿಸಿ. ಹಳೇ ಅಗ್ರಿಮೆಂಟ್‌ಗಳಲ್ಲಿ ಬಿಲ್ಟ್‌ಅಪ್ ಬರೆದಿರುತ್ತಾರೆ. ಅದನ್ನು 1.2ರಿಂದ ಭಾಗಿಸಿದರೆ ಅಂದಾಜು ಕಾರ್ಪೆಟ್: 650 ಬರೆದಿದ್ದರೆ 540 ಚಿಲ್ಲರೆ. ಸೂಪರ್ ಬಿಲ್ಟ್‌ಅಪ್ (ಮೆಟ್ಟಿಲು, ಲಿಫ್ಟ್‌ನ ಪಾಲೂ ಸೇರಿದ ಅಳತೆ) ಎಂದಿದ್ದರೆ ಯಾವ ಸೂತ್ರವನ್ನೂ ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ.

ರೆಕನರ್ ಬೇಕಾಗುವುದು ಇನ್ನೊಂದಕ್ಕೆ. 90 ಲಕ್ಷಕ್ಕೆ ಕೊಂಡ ಫ್ಲ್ಯಾಟಿನ ಸರಕಾರಿ ಮೌಲ್ಯ 1 ಕೋಟಿ 5 ಲಕ್ಷ ಇದ್ದರೆ ವ್ಯತ್ಯಾಸ ಶೇ. 10 ದಾಟಿತು. ಪೂರ್ತಿ 15 ಲಕ್ಷ ಕೊಂಡವರ ಆದಾಯವೆಂದು ತೆರಿಗೆಗೆ ಬರುತ್ತದೆ, ಮಾರಿದವರ ಲಾಭವನ್ನೂ 1 ಕೋಟಿ 5 ಲಕ್ಷದ ಮೇಲೆಯೇ ಎಣಿಸುತ್ತಾರೆ. ಸಸ್ತಾ ಸಿಕ್ಕಿತೆಂದು ಹಿಗ್ಗುವ ಮೊದಲು ಇದನ್ನು ನೋಡಿಕೊಳ್ಳಿ.

ಪ್ರಶ್ನೆ (ಫೋರ್ಟ್): ನಮ್ಮ ಹೋಟೆಲ್ ಪಗಡಿ (ಇಡಿಗಂಟು ಕೊಟ್ಟು ಪಡೆದ ಹಳೇ ಬಾಡಿಗೆ) ಜಾಗದ್ದು ಮಾರಾಯ್ರೆ. ಅದಕ್ಕೆ ಬೆಲೆ ಕಟ್ಟುವುದು ಹೇಗೆ?

ಉತ್ತರ: ಪಗಡಿಯಲ್ಲಿ ನೀವು ಮಾರುವುದು ಬಾಡಿಗೆ ಹಕ್ಕು, ಜಾಗವನ್ನಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪಗಡಿ ಹಣ ಪಡೆಯುವುದನ್ನು ಒಪ್ಪುತ್ತದೆ. ಆದರೆ ಮಾಲೀಕನ ಒಪ್ಪಿಗೆ ಬೇಕು, ಅವನಿಗೂ ಪಾಲು ಕೊಡಬೇಕಾಗುತ್ತದೆ. ಮೊದಲು ಬಾಡಿಗೆ ರಸೀದಿ ತೆಗೆಯಿರಿ. ಯಾರ ಹೆಸರಲ್ಲಿದೆ, ಹೋಟೆಲ್ ಬಳಕೆ ಎಂದಿದೆಯೇ, ಎಷ್ಟು ಅಳತೆ? ಹಿಂದುಗಡೆ ಶೀಟ್ ಹಾಕಿ ಮಾಡಿದ ಅಡುಗೆಮನೆ, ಮೇಲೆ ಕಟ್ಟಿದ ಮಾಳಿಗೆ ದಾಖಲೆಯಲ್ಲಿಲ್ಲದಿದ್ದರೆ ಕಟ್ಟಡ ಹೊಸದಾಗುವಾಗ ಅದಕ್ಕೆ ಜಾಗ ಸಿಗುವುದಿಲ್ಲ. ಸೆಸ್ ಕಟ್ಟಡವೇ (ದುರಸ್ತಿಗಾಗಿ ಸೆಸ್ ಕಟ್ಟುವ ಹಳೇ ಕಟ್ಟಡ) ಎಂದೂ ನೋಡಿ, ಆಗಿದ್ದರೆ ಡಿಸಿಪಿಆರ್‌ನ 33(7)ರಲ್ಲಿ ಬಾಡಿಗೆದಾರರ ಪುನರ್ವಸತಿಗೆ ದಾರಿ ಇದೆ.

ಪ್ರಶ್ನೆ (ಫೋರ್ಟ್): ರಸೀದಿ ಇನ್ನೂ ದೊಡ್ಡಪ್ಪನ ಹೆಸರಲ್ಲಿದೆ. ಅವರು ತೀರಿಕೊಂಡಿದ್ದಾರೆ. ಇವತ್ತು ನಡೆಸುವವರಿಗೆ ಕಂಡಕ್ಟ್‌ಗೆ (ಹೋಟೆಲ್ ನಡೆಸುವ ಕರಾರಿನ ಮೇಲೆ) ಕೊಟ್ಟಿದ್ದೇವೆ.

ಉತ್ತರ: ಹಾಗಾದರೆ ಬೆಲೆ ಕಟ್ಟುವ ಮಾತು ಆಮೇಲೆ. ಕಂಡಕ್ಟ್ ಅಗ್ರಿಮೆಂಟ್ ಮತ್ತು ಹಳೇ ರಸೀದಿಗಳನ್ನು ವಕೀಲರಿಗೆ ತೋರಿಸಿ, ರಸೀದಿ ಮೊದಲು ವಾರಸುದಾರರ ಹೆಸರಿಗೆ ಬರಲಿ.