ವಿಂಡೋಸ್ ಮತ್ತು ಉಬುಂಟು ಬೇರೆ ಬೇರೆ ಸಮಯ ತೋರಿಸುತ್ತಿವೆ

ಪ್ರಶ್ನೆ:
ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ 10 ಮತ್ತು ಉಬುಂಟು ಎರಡನ್ನೂ ಬಳಸುತ್ತಿದ್ದೇನೆ. ಉಬುಂಟುವಿನಿಂದ ವಿಂಡೋಸ್‌ಗೆ ಬಂದಾಗ ಗಡಿಯಾರ ಕೆಲವು ಗಂಟೆ ಹಿಂದಿರುತ್ತದೆ. ಅದನ್ನು ತಿದ್ದಿ ಉಬುಂಟುವಿಗೆ ಮರಳಿದರೆ, ಇಂಟರ್ನೆಟ್ ಸಿಗುವ ತನಕ ಅಷ್ಟೇ ಗಂಟೆ ಮುಂದಿರುತ್ತದೆ. ಆ ನಡುವೆ ಉಳಿಸಿದ ಕಡತಗಳಿಗೆ ಇನ್ನೂ ಬಾರದ ಹೊತ್ತು ದಾಖಲಾಗಿ, ಕಂಪೈಲ್ ಮಾಡುವಾಗ ಆ ಕೆಲಸ ನಡೆಸುವ ‘ಮೇಕ್’ ಪ್ರೋಗ್ರಾಂ ತಕರಾರು ತೆಗೆಯುತ್ತದೆ. ಮದರ್‌ಬೋರ್ಡಿನ ಸೆಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ.

ಉತ್ತರ 1:
ಸೆಲ್‌ನದು ತಪ್ಪಿಲ್ಲ. ಸಿಆರ್2032 ಸೆಲ್ ಸೊರಗಿದ್ದರೆ ಸಮಯ ಮನಬಂದಂತೆ ತಪ್ಪುತ್ತದೆ, ಕೆಲವೊಮ್ಮೆ ದಿನಾಂಕವೇ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ನಿಮ್ಮಲ್ಲಿ ಪ್ರತಿ ಸಲವೂ ಅಷ್ಟೇ ಗಂಟೆಗಳ ವ್ಯತ್ಯಾಸ ಬರುತ್ತಿದೆ. ಆ ಗಂಟೆಗಳನ್ನು ಎಣಿಸಿ ನೋಡಿ, ಅದು ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ನಿಮ್ಮ ಕಾಲವಲಯಕ್ಕೂ ಇರುವ ಅಂತರವೇ ಆಗಿರುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ಬರಿಯ ಅಂಕಿಗಳು, ಅವು ಯಾವ ಕಾಲವಲಯದವು ಎಂಬ ಗುರುತು ಅದರಲ್ಲಿ ಇರುವುದಿಲ್ಲ. ಉಬುಂಟು ಅವನ್ನು ಯುಟಿಸಿ ಎಂದು ಓದುತ್ತದೆ. ವಿಂಡೋಸ್, ಕಾಲವಲಯದ ಕಲ್ಪನೆಯೇ ಇಲ್ಲದಿದ್ದ ತನಗಿಂತ ಹಿಂದಿನ ಡಾಸ್ ವ್ಯವಸ್ಥೆಯ ಕಾಲದ ರೂಢಿಯನ್ನು ಬಿಡದೆ, ಸ್ಥಳೀಯ ಸಮಯವೆಂದು ಓದುತ್ತದೆ.

ವಿಂಡೋಸನ್ನೇ ಯುಟಿಸಿಗೆ ಒಗ್ಗಿಸಿ. ವಿಂಡೋಸಿನ ಒಳಗಿನ ಸೆಟ್ಟಿಂಗುಗಳನ್ನು ತಿದ್ದುವ ರಿಜಿಸ್ಟ್ರಿ ಎಡಿಟರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಎಚ್‌ಕೀ ಲೋಕಲ್ ಮಷೀನ್‌ನ ಒಳಗೆ ಸಿಸ್ಟಮ್, ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್ ದಾಟಿ ಟೈಮ್‌ಝೋನ್‌ಇನ್ಫರ್ಮೇಶನ್‌ಗೆ ಹೋಗಿ, ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಡಿವರ್ಡ್ (ಸಂಖ್ಯೆ ಇಡುವ ನಮೂದು) ಸೃಷ್ಟಿಸಿ 1 ಎಂದು ಕೊಡಿ. ಬಳಿಕ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ, ಏಕೆಂದರೆ ಫಾಸ್ಟ್ ಸ್ಟಾರ್ಟಪ್ ಇದ್ದಾಗ ಶಟ್‌ಡೌನ್ ಪೂರ್ತಿಯಾಗಿ ಆಗುವುದಿಲ್ಲ.

ಉತ್ತರ 2:
ರಿಜಿಸ್ಟ್ರಿಗೆ ಕೈ ಹಾಕಲು ಅಂಜುವವರು ಉಬುಂಟುವಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂಬ ಒಂದೇ ಆದೇಶದಿಂದ ಕೆಲಸ ಮುಗಿಸಬಹುದು. ಆಗ ಉಬುಂಟುವೂ ಆರ್‌ಟಿಸಿಯನ್ನು, ಅಂದರೆ ಮದರ್‌ಬೋರ್ಡಿನ ಗಡಿಯಾರವನ್ನು, ಸ್ಥಳೀಯ ಸಮಯವೆಂದೇ ಓದುತ್ತದೆ.

ಉತ್ತರ 1:
ಮುಗಿಸಬಹುದು, ಆದರೆ ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಸರಿಸುವ ಕಾಲವಲಯಗಳಲ್ಲಿ ಎರಡೂ ಸಿಸ್ಟಮ್‌ಗಳು ಅದೇ ಗಂಟೆಯನ್ನು ತಾವೇ ತಿದ್ದಲು ಹೊರಟು ಮತ್ತೆ ಗೊಂದಲವಾಗಬಹುದು. ಆ ಆದೇಶ ಕೊಟ್ಟ ಮೇಲೆ ಟೈಮ್‌ಡೇಟ್‌ಸಿಟಿಎಲ್ ತಾನೇ ಎಚ್ಚರಿಕೆ ತೋರಿಸುತ್ತದೆ, ಓದಿ ನೋಡಿ.

ಪ್ರಶ್ನೆ ಕೇಳಿದವರು:
ಅವಸರದಲ್ಲಿ ಎರಡನ್ನೂ ಮಾಡಿಬಿಟ್ಟೆ. ಈಗ ವಿಂಡೋಸ್ ಹಿಂದಿರುವ ಬದಲು ಮುಂದೆ ಓಡುತ್ತಿದೆ!

ಉತ್ತರ 1:
ಈಗ ಇಬ್ಬರೂ ಪಾತ್ರ ಬದಲಿಸಿಕೊಂಡಿದ್ದಾರೆ, ಅಷ್ಟೆ. ಉಬುಂಟುವಿನಲ್ಲಿ ಅದೇ ಆದೇಶವನ್ನು 1ರ ಬದಲು 0 ಹಾಕಿ ಕೊಡಿ, ರಿಜಿಸ್ಟ್ರಿಯನ್ನು ಇದ್ದ ಹಾಗೆಯೇ ಬಿಡಿ. ಬಳಿಕ ಬರಿಯ ‘ಟೈಮ್‌ಡೇಟ್‌ಸಿಟಿಎಲ್’ ಎಂದು ಟೈಪಿಸಿದಾಗ ಯೂನಿವರ್ಸಲ್ ಟೈಮ್ ಮತ್ತು ಆರ್‌ಟಿಸಿ ಟೈಮ್ ಸಾಲುಗಳು ಒಂದೇ ಸಮಯ ತೋರಿಸಬೇಕು.

ಪ್ರಶ್ನೆ ಕೇಳಿದವರು:
ಎರಡು ಸಾಲುಗಳೂ ಒಂದೇ ಆಗಿವೆ. ಮೂರು ಸಲ ಅತ್ತಿಂದಿತ್ತ ಬೂಟ್ ಮಾಡಿ ನೋಡಿದೆ, ಸಮಯ ಕದಲಲಿಲ್ಲ.